ಮಂಡಿಗೆ ಸರ್ಜರಿ ಬೇಕಾ, ಬೇಡ್ವಾ? ಅಧ್ಯಯನಗಳನ್ನು ಓದಿ ತೀರ್ಮಾನಿಸಿದ ಅನುಭವ

ಬಲ ಮಂಡಿಯ ಮೆನಿಸ್ಕಸ್ ಹರಿದಿದೆ ಎಂದು ನನ್ನ ಎಂಆರ್‌ಐ ರಿಪೋರ್ಟಿನಲ್ಲಿ ಬರೆದಿತ್ತು. ತೊಡೆಯ ಮೂಳೆಗೂ ಅದರ ಕೆಳಗಿನ ಕಾಲಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದ ಮೆತ್ತನೆಯ ಪದರ ಇರುತ್ತದಲ್ಲ, ಅದೇ ಮೆನಿಸ್ಕಸ್. ಮೈ ಭಾರವನ್ನು ಹಂಚುವುದು ಅದರ ಕೆಲಸ. ನನಗೆ ಆಗ ಐವತ್ತು ದಾಟಿತ್ತು. ಎಲ್ಲೂ ಬಿದ್ದಿರಲಿಲ್ಲ, ಕಾಲು ಉಳುಕಿರಲಿಲ್ಲ. ನೋವು ತಾನಾಗಿಯೇ ಶುರುವಾಗಿ ದಿನ ಕಳೆದಂತೆ ಜಾಸ್ತಿಯಾಗಿತ್ತು. ಮೆಟ್ಟಿಲು ಇಳಿಯುವುದು ಕಷ್ಟವಾಗಿತ್ತು. ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತಿತ್ತು.

ಮೂಳೆ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಆರ್ತ್ರೋಸ್ಕೋಪಿ. ಮಂಡಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಹರಿದ ತುಣುಕನ್ನು ಕತ್ತರಿಸಿ ತೆಗೆಯುವುದು. ಇನ್ನೊಂದು, ಫಿಸಿಯೋಥೆರಪಿ. "ಅವಸರ ಏನಿಲ್ಲ, ಯೋಚನೆ ಮಾಡಿ ಬನ್ನಿ" ಎಂದರು. ಅವರು ಕೊಟ್ಟ ಆ ಸಮಯದಲ್ಲಿ ನಾನು ಓದಿದೆ. ನಾನು ಡಾಕ್ಟರಲ್ಲ, ಅಂಕಿಅಂಶ ಕಲಿತವಳೂ ಅಲ್ಲ. ಆದರೂ ಒಬ್ಬ ಸಾಮಾನ್ಯ ಓದುಗಳಿಗೆ ಎಷ್ಟು ದೂರ ಹೋಗಲು ಆಗುತ್ತದೆ ಎಂಬುದು ನನಗೇ ಆಶ್ಚರ್ಯ ತಂದಿತು. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲ ಸಲಹೆ ಬಂದದ್ದು ಅಕ್ಕನಿಂದ. ಅವಳಿಗೆ ಇದೇ ಸರ್ಜರಿ ಆಗಿತ್ತು, ಆಮೇಲೆ ನೋವು ಹೋಗಿತ್ತು. "ಸುಮ್ನೆ ಮಾಡಿಸ್ಕೊಂಡ್ಬಿಡು. ನಿನ್ನ ಕಣ್ಣೆದುರಿಗೇ ನಾನಿಲ್ವಾ?" ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸರ್ಜರಿ ಆಯಿತು, ನೋವು ಹೋಯಿತು, ಎರಡೂ ನಿಜ. ಆದರೆ ಸರ್ಜರಿ ಮಾಡಿಸದೇ ಇದ್ದಿದ್ದರೆ ಅವಳ ಮಂಡಿ ಏನಾಗುತ್ತಿತ್ತು? ಇದಕ್ಕೆ ಅಕ್ಕನ ಹತ್ತಿರ ಉತ್ತರವಿಲ್ಲ. ಸರ್ಜರಿ ಮಾಡಿದ ಡಾಕ್ಟರ ಹತ್ತಿರವೂ ಇರಲು ಸಾಧ್ಯವಿಲ್ಲ. ಅಕ್ಕನಂಥ ನೂರಾರು ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಸರ್ಜರಿ ಮಾಡಿ, ಇನ್ನೊಂದಕ್ಕೆ ಮಾಡದೆ, ಎರಡನ್ನೂ ಒಂದೇ ರೀತಿ ಅಳೆದು ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ. ಹಾಗೆ ಯಾರಾದರೂ ಮಾಡಿದ್ದಾರಾ ಎಂದು ಹುಡುಕಲು ಕೂತೆ.

ಸುಮ್ಮನೆ "ಮೆನಿಸ್ಕಸ್ ಹರಿದರೆ ಏನು ಮಾಡಬೇಕು" ಎಂದು ಹುಡುಕಿದರೆ ಆಟಗಾರರ ಗಾಯ, ಆಸ್ಪತ್ರೆಗಳ ಜಾಹೀರಾತು, ಎಣ್ಣೆ, ಪಟ್ಟಿ, ಮಾತ್ರೆ ಎಲ್ಲ ಒಟ್ಟಿಗೆ ಬರುತ್ತವೆ. ವೈದ್ಯ ವಿದ್ಯಾರ್ಥಿಗಳಿಗೆ ಇದಕ್ಕೊಂದು ಕ್ರಮ ಕಲಿಸುತ್ತಾರೆ. ಹುಡುಕುವ ಮುಂಚೆ ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ಬರೆಯಬೇಕು: ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ. ನಾನೂ ಕಾಗದ ಪೆನ್ನು ತೆಗೆದುಕೊಂಡೆ. ಯಾರಿಗೆ: ನಡುವಯಸ್ಸು ದಾಟಿದ, ಪೆಟ್ಟು ಬೀಳದೆ ಸವೆದು ಹರಿದ ಮೆನಿಸ್ಕಸ್ ಇರುವವರಿಗೆ. ಚಿಕಿತ್ಸೆ: ಹರಿದ ಭಾಗವನ್ನು ಆರ್ತ್ರೋಸ್ಕೋಪಿಯಲ್ಲಿ ಕತ್ತರಿಸುವುದು. ಹೋಲಿಕೆ: ವ್ಯಾಯಾಮ.

ಜಾಸ್ತಿ ಹೊತ್ತು ಹಿಡಿದದ್ದು ನಾಲ್ಕನೆಯದು. ನನಗೆ ಬೇಕಾದ ಫಲ ಯಾವುದು? ಸ್ಕ್ಯಾನಿನಲ್ಲಿ ಮಂಡಿ ಚೆಂದ ಕಾಣುವುದಾ? ಅಲ್ಲ. ಮೆಟ್ಟಿಲು ಇಳಿಯಬೇಕು, ಬಗ್ಗಿ ಏಳಬೇಕು, ರಾತ್ರಿ ಎಚ್ಚರವಾಗದೆ ಮಲಗಬೇಕು. ಮುಂದಿನ ತಿಂಗಳು ಮಾತ್ರ ಅಲ್ಲ, ಒಂದೆರಡು ವರ್ಷ ಆದಮೇಲೂ. ಇಷ್ಟನ್ನು ಬರೆದ ಮೇಲೆ ಯಾವ ಅಧ್ಯಯನ ನನಗೆ ಸಂಬಂಧಪಟ್ಟದ್ದು, ಯಾವುದು ಅಲ್ಲ ಎಂದು ತಾನಾಗಿಯೇ ತಿಳಿಯತೊಡಗಿತು. ಓದಿನ ಅರ್ಧ ಕೆಲಸ ಆ ಕಾಗದದ ಮೇಲೇ ಮುಗಿದಿತ್ತು ಅಂತ ಈಗಲೂ ಅನಿಸುತ್ತದೆ.

ಹುಡುಕಿದ್ದು ಎರಡೇ ಕಡೆ. ಒಂದು ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಇದರಲ್ಲಿ ವೈದ್ಯಕೀಯ ಲೇಖನಗಳ ಸಾರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಇನ್ನೊಂದು ಕೊಕ್ರೇನ್ ಲೈಬ್ರರಿ. ಆರ್ಚಿ ಕೊಕ್ರೇನ್ ಎಂಬ ಬ್ರಿಟಿಷ್ ವೈದ್ಯರು, ಚಿಕಿತ್ಸೆಗಳನ್ನು ಸರಿಯಾದ ಪ್ರಯೋಗದಲ್ಲಿ ಒರೆಗೆ ಹಚ್ಚಬೇಕು, ಆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಇಡಬೇಕು ಎಂದು ಪಟ್ಟು ಹಿಡಿದವರು. ಅವರ ಹೆಸರಿನಲ್ಲಿ 1993ರಲ್ಲಿ ಶುರುವಾದ ಸಂಸ್ಥೆ ಇದು. ಒಂದು ಪ್ರಶ್ನೆಗೆ ಸಂಬಂಧಪಟ್ಟ ಪ್ರಯೋಗಗಳನ್ನೆಲ್ಲ ಹುಡುಕಿ, ಕಳಪೆ ಯಾವುದು ಗಟ್ಟಿ ಯಾವುದು ಎಂದು ಜರಡಿ ಹಿಡಿದು, ಒಟ್ಟು ಲೆಕ್ಕ ಕೊಡುತ್ತಾರೆ. ಸಾಮಾನ್ಯ ಜನರಿಗಾಗಿ ಸರಳವಾದ ಸಾರಾಂಶವನ್ನೂ ಬರೆಯುತ್ತಾರೆ. ಮೊದಲು ಅದನ್ನೇ ಓದಿದ್ದು ಒಳ್ಳೆಯದಾಯಿತು. ಬಿಡಿ ಅಧ್ಯಯನ ಒಂದನ್ನೇ ಹಿಡಿದುಕೊಂಡರೆ ನಮಗೆ ಬೇಕಾದ ಉತ್ತರವನ್ನೇ ಆರಿಸಿಕೊಂಡುಬಿಡುವ ಅಪಾಯವಿದೆ.

ಕೊಕ್ರೇನ್‌ನ 2022ರ ವರದಿಯಲ್ಲಿ 16 ಪ್ರಯೋಗಗಳಿದ್ದವು, ಅವುಗಳಲ್ಲಿ ಒಟ್ಟು 2105 ಜನ. ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ. ಅವುಗಳಲ್ಲಿ 4 ಪ್ರಯೋಗಗಳು ನಿಜವಾದ ಸರ್ಜರಿಯನ್ನು ಹುಸಿ ಸರ್ಜರಿಗೆ ಹೋಲಿಸಿದ್ದವು. ಹುಸಿ ಸರ್ಜರಿ! ಜನರನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ, ಚರ್ಮಕ್ಕೆ ಗಾಯ ಮಾಡಿ, ಒಳಗೆ ಏನೂ ಸರಿಮಾಡದೆ ಹೊಲಿಗೆ ಹಾಕುವುದು. ಓದಿ ಒಂದು ಕ್ಷಣ ಸಿಟ್ಟೇ ಬಂತು. ಹೀಗೂ ಮಾಡುತ್ತಾರಾ?

ಸಿಟ್ಟಿನಲ್ಲೇ ಆ ಮೂಲ ಲೇಖನಗಳನ್ನು ತೆಗೆದೆ. ಹೆಸರಾದ ಮೊದಲನೆಯದು 2002ರದ್ದು, ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದದ್ದು. ಮಂಡಿ ಸವೆತ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ಮೃದ್ವಸ್ಥಿ ಸವೆಯುವ ತೊಂದರೆ ಇದ್ದ 180 ಜನ. ಮೂರು ಗುಂಪು: ಒಂದಕ್ಕೆ ಒಳಗಿನದ್ದನ್ನು ಕೆರೆದು ಶುಚಿ ಮಾಡಿದರು, ಇನ್ನೊಂದಕ್ಕೆ ಬರೀ ತೊಳೆದರು, ಮೂರನೆಯದಕ್ಕೆ ಚರ್ಮ ಮಾತ್ರ ಕೊಯ್ದರು. ಮೂರನೆಯ ಗುಂಪಿನವರಿಗೆ ಅನುಮಾನ ಬರಬಾರದೆಂದು ಸರ್ಜನ್ ಸಲಕರಣೆಗಳನ್ನೆಲ್ಲ ಕೇಳಿ ಪಡೆದರು, ಮಂಡಿಯನ್ನು ಆಡಿಸಿದರು, ತೊಳೆಯುವ ಸದ್ದು ಬರಲಿ ಎಂದು ನೀರನ್ನೂ ಚಿಮುಕಿಸಿದರು. ಆದರೆ ಇದರಲ್ಲಿ ಮೋಸ ಇರಲಿಲ್ಲ. ತನಗೆ ಹುಸಿ ಸರ್ಜರಿ ಮಾತ್ರ ಆಗಬಹುದು ಎಂಬುದು ಗೊತ್ತು ಎಂದು ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆದುಕೊಟ್ಟಿದ್ದರು. ಕೇಳಿದ 324 ಜನರಲ್ಲಿ 144 ಜನ ಒಲ್ಲೆ ಎಂದಿದ್ದರು, ಅವರನ್ನು ಬಿಟ್ಟರು. ಎರಡು ವರ್ಷ ನೋಡಿದಾಗ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಸರ್ಜರಿಯ ಗುಂಪುಗಳು ಹುಸಿ ಗುಂಪಿಗಿಂತ ಮೇಲಿರಲಿಲ್ಲ.

ಒಪ್ಪಿಕೊಂಡ ಆ ಜನರ ಬಗ್ಗೆ ಓದುತ್ತಾ ನನ್ನ ಸಿಟ್ಟು ಇಳಿದು ಗೌರವ ಬಂತು. ಬೇರೆಯವರಿಗೆ ಉತ್ತರ ಸಿಗಲಿ ಎಂದು ಅವರು ತಮ್ಮ ಮಂಡಿ ಕೊಟ್ಟಿದ್ದರು. ಇಷ್ಟು ವರ್ಷದ ಮೇಲೆ ಆ ಉತ್ತರವನ್ನು ನಾನು ಕೂತು ಓದುತ್ತಿದ್ದೆ.

ಆದರೂ ಅದು ಪೂರ್ತಿ ನನ್ನ ಪ್ರಶ್ನೆ ಅಲ್ಲ. ಅವರದ್ದು ಮಂಡಿ ಸವೆತ, ನನ್ನದು ಮೆನಿಸ್ಕಸ್ ಹರಿದದ್ದು, ಸವೆತ ಅಷ್ಟಿಲ್ಲ. ನನ್ನ ಕಾಗದಕ್ಕೆ ಹೆಚ್ಚು ಹೊಂದಿದ್ದು ಫಿನ್ಲೆಂಡಿನ 5 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ. 35ರಿಂದ 65 ವಯಸ್ಸಿನ 146 ಜನ, ಪೆಟ್ಟಿಲ್ಲದೆ ಹರಿದ ಮೆನಿಸ್ಕಸ್, ಸವೆತ ಇಲ್ಲ. 70 ಜನರಿಗೆ ನಿಜವಾಗಿ ಕತ್ತರಿಸಿದರು, 76 ಜನರಿಗೆ ಹುಸಿ. ಒಂದು ವರ್ಷದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ನಿಜವಾದ ಸರ್ಜರಿಯವರಲ್ಲಿ ನೂರಕ್ಕೆ ಸುಮಾರು 89 ಜನ ಸುಧಾರಿಸಿದೆ ಎಂದರು. ಹುಸಿ ಸರ್ಜರಿಯವರಲ್ಲಿ ಸುಮಾರು 83. ತೃಪ್ತಿ ಇದೆ ಎಂದವರು 77 ಮತ್ತು 78. ಇದೇ ಸರ್ಜರಿಯನ್ನು ಮತ್ತೆ ಮಾಡಿಸಿಕೊಳ್ಳುತ್ತೀರಾ ಎಂದರೆ ಹೌದು ಎಂದವರು 93 ಮತ್ತು 96. ಹೌದು, ಹುಸಿ ಸರ್ಜರಿಯವರೇ ಸ್ವಲ್ಪ ಜಾಸ್ತಿ.

ಈ ಮೂರು ಜೊತೆ ಅಂಕಿಗಳನ್ನು ನಾನು ಮತ್ತೆ ಮತ್ತೆ ನೋಡಿದೆ. ಒಳಗೆ ಏನೂ ಕತ್ತರಿಸದೇ ಇದ್ದರೂ ನೂರಕ್ಕೆ 80ರ ಮೇಲೆ ಜನ ಸುಧಾರಿಸಿದರು ಅಂದರೆ, ಗುಣ ಕೊಟ್ಟದ್ದು ಕತ್ತರಿ ಅಲ್ಲ ಎಂದಾಯಿತು. ಕಾಲ ಕಳೆದದ್ದು ಇರಬಹುದು, ವಿಶ್ರಾಂತಿ ಇರಬಹುದು, ಆಮೇಲೆ ಎರಡೂ ಗುಂಪಿಗೆ ಹೇಳಿಕೊಟ್ಟ ವ್ಯಾಯಾಮ ಇರಬಹುದು, ಗುಣವಾಗುತ್ತದೆ ಎಂಬ ನಂಬಿಕೆಯೂ ಇರಬಹುದು. ಅಕ್ಕ ಹೇಳಿದ ಅನುಭವವನ್ನೇ ಹೇಳುವ ನೂರಾರು ಜನ ಯಾಕೆ ಸಿಗುತ್ತಾರೆ ಎಂಬುದಕ್ಕೂ ಇಲ್ಲೇ ಉತ್ತರವಿತ್ತು.

ಅಂಕಿ ಓದುವುದರ ಬಗ್ಗೆ ಒಂದು ಮಾತು. ಕೊಕ್ರೇನ್ ವರದಿಯ ಪ್ರಕಾರ 0ಯಿಂದ 100ರ ನೋವಿನ ಅಳತೆಯಲ್ಲಿ ಹುಸಿ ಸರ್ಜರಿಯವರದ್ದು 40.1, ನಿಜ ಸರ್ಜರಿಯವರದ್ದು 35.5. ವ್ಯತ್ಯಾಸ 4.6 ಅಂಕ. "ಸರ್ಜರಿಯಿಂದ ನೋವು ಕಡಿಮೆ" ಎಂದು ಯಾರಾದರೂ ಇದನ್ನೇ ತಲೆಬರಹ ಮಾಡಬಹುದು, ಸುಳ್ಳೂ ಆಗುವುದಿಲ್ಲ. ಆದರೆ ಮನುಷ್ಯನಿಗೆ ಗೊತ್ತಾಗುವಷ್ಟು ವ್ಯತ್ಯಾಸ ಅಂದರೆ ಸುಮಾರು 12 ಅಂಕ ಬೇಕು ಎಂಬುದು ಸಂಶೋಧಕರು ಇಟ್ಟುಕೊಂಡ ಲೆಕ್ಕ. ವ್ಯತ್ಯಾಸ ನಿಜಕ್ಕೂ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜನ್ನೂ ಕೊಟ್ಟಿದ್ದರು: ಸೊನ್ನೆಗೆ ಹತ್ತಿರದಿಂದ 9ರವರೆಗೆ. ಅಂದಾಜಿನ ಮೇಲಿನ ತುದಿಯನ್ನೇ ಹಿಡಿದರೂ 12 ಮುಟ್ಟುವುದಿಲ್ಲ. ನನ್ನ ಮನಸ್ಸು ವಾಲತೊಡಗಿದ್ದು ಇಲ್ಲಿ.

ಇಷ್ಟಾದರೂ "ಹರಿದಿದೆ" ಎಂಬ ಆ ರಿಪೋರ್ಟಿನ ಮಾತು ತಲೆಯಲ್ಲಿ ಕೂತಿತ್ತು. ಹರಿದದ್ದನ್ನು ಹಾಗೇ ಬಿಟ್ಟು ನಡೆಯುವುದು ಹೇಗೆ? ಇದಕ್ಕೆ 2008ರ ಒಂದು ಅಧ್ಯಯನ ಸಿಕ್ಕಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವಯಸ್ಸಿನ 991 ಜನರ ಮಂಡಿಗೆ ಎಂಆರ್‌ಐ ಮಾಡಿದ್ದರು. ಮಂಡಿ ನೋವಿದೆ ಎಂದು ಆರಿಸಿದವರಲ್ಲ, ಸುಮ್ಮನೆ ಊರಿನ ಜನ. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಅಂದರೆ ನನ್ನ ವಯಸ್ಸಿಗೆ ಮೆನಿಸ್ಕಸ್ ಹರಿಯುವುದು ಕೂದಲು ನೆರೆತಂತೆ, ಅದೇ ನೋವಿನ ಕಾರಣ ಎಂದು ಹೇಳಲಾಗದು. ಸ್ಕ್ಯಾನಿನಲ್ಲಿ ಕಂಡದ್ದು ಒಂದು, ನೋವು ಇನ್ನೊಂದು. ಎರಡನ್ನೂ ಗಂಟು ಹಾಕಿದ್ದು ನಮ್ಮ ಊಹೆ.

ಇಂಥ ಊಹೆ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ಹೃದಯದ ವಿಷಯದಲ್ಲಿ ಒಂದು ಉದಾಹರಣೆ ಓದಿದ್ದು ನೆನಪಾಗುತ್ತದೆ. ಹೃದಯಾಘಾತ ಆದವರಲ್ಲಿ ಬಡಿತ ಆಗಾಗ ತಪ್ಪಿದರೆ ಸಾವಿನ ಅಪಾಯ ಜಾಸ್ತಿ ಎಂದು ಗೊತ್ತಿತ್ತು. ಬಡಿತ ತಪ್ಪುವುದನ್ನು ತಡೆಯುವ ಮಾತ್ರೆಗಳೂ ಇದ್ದವು. ಕೊಟ್ಟರೆ ಜೀವ ಉಳಿಯಬೇಕು ಅಲ್ವಾ? ಹಾಗೆಂದು ಕೊಡುತ್ತಲೂ ಇದ್ದರು. ಕಾಸ್ಟ್ ಎಂಬ ಪ್ರಯೋಗದಲ್ಲಿ ಹೋಲಿಸಿ ನೋಡಿದಾಗ, ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಮಾತ್ರೆ ತೆಗೆದುಕೊಂಡವರೇ ಜಾಸ್ತಿ ಸತ್ತರು ಎಂದು 1989ರಲ್ಲಿ ಗೊತ್ತಾಯಿತು. ಬಡಿತ ಸರಿಯಾಗಿತ್ತು, ಜನ ಉಳಿಯಲಿಲ್ಲ. ಇದನ್ನು ಓದಿದ ಮೇಲೆ, ಕೇಳಲು ಸರಿ ಅನಿಸಿದ್ದೆಲ್ಲ ಸರಿ ಎಂದು ನಂಬುವುದು ನನ್ನಿಂದ ಆಗುವುದಿಲ್ಲ.

ವ್ಯಾಯಾಮದ ಬಗ್ಗೆ ಎರಡು ಪ್ರಯೋಗ ನನಗೆ ಉಪಯೋಗಕ್ಕೆ ಬಂದವು. ನಾರ್ವೆಯದ್ದು, 2016ರಲ್ಲಿ ಪ್ರಕಟವಾದದ್ದು: 140 ಜನ, ಅರ್ಧ ಜನರಿಗೆ ಸರ್ಜರಿ, ಅರ್ಧ ಜನರಿಗೆ ಫಿಸಿಯೋ ನೋಡಿಕೊಳ್ಳುವ 12 ವಾರದ ವ್ಯಾಯಾಮ. ಎರಡು ವರ್ಷದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೂರು ತಿಂಗಳಲ್ಲಿ ನೋಡಿದಾಗ ತೊಡೆಯ ಸ್ನಾಯುವಿನ ಬಲ ಮಾತ್ರ ವ್ಯಾಯಾಮದವರಲ್ಲಿ ಚೆನ್ನಾಗಿ ಏರಿತ್ತು. ಅಮೆರಿಕದ್ದು, 2013ರದ್ದು: ಮೆನಿಸ್ಕಸ್ ಹರಿದಿದ್ದು ಸವೆತವೂ ಇದ್ದ 351 ಜನ. ಆರು ತಿಂಗಳಲ್ಲಿ ಎರಡೂ ಗುಂಪು ಒಂದೇ ರೀತಿ ಸುಧಾರಿಸಿದವು. ಆದರೆ ಇಲ್ಲಿ ಒಂದು ತೊಡಕಿದೆ. ಫಿಸಿಯೋಥೆರಪಿ ಗುಂಪಿನ ನೂರಕ್ಕೆ 30 ಜನ ಅಷ್ಟರೊಳಗೆ ನೋವು ತಾಳದೆ ಸರ್ಜರಿಗೆ ಹೋಗಿದ್ದರು. ಹೀಗೆ ಗುಂಪು ದಾಟಿದವರು ಜಾಸ್ತಿ ಇದ್ದರೆ ಎರಡು ಗುಂಪಿನ ನಡುವಿನ ವ್ಯತ್ಯಾಸ ಮಸುಕಾಗಬಹುದು. ಹಾಗಾಗಿ "ಸರ್ಜರಿ ಯಾರಿಗೂ ಬೇಡ" ಎಂದು ನಾನು ಇದರಿಂದ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡದ್ದು ಇಷ್ಟು: ಮೊದಲು ವ್ಯಾಯಾಮ ಮಾಡಿ ನೋಡಿದರೆ ಸರ್ಜರಿಯ ಬಾಗಿಲು ಮುಚ್ಚುವುದಿಲ್ಲ. ಮೂವರಲ್ಲಿ ಇಬ್ಬರಿಗೆ ಆ ಬಾಗಿಲಿಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಅಪಾಯದ ಲೆಕ್ಕವನ್ನೂ ನೋಡಿದೆ. ಇಂಗ್ಲೆಂಡಿನಲ್ಲಿ ಸುಮಾರು 7 ಲಕ್ಷ ಇಂಥ ಸರ್ಜರಿಗಳ ದಾಖಲೆ ಪರಿಶೀಲಿಸಿ 2018ರಲ್ಲಿ ಬರೆದ ಲೇಖನವಿದೆ. 90 ದಿನದೊಳಗೆ ಸಾವಿರಕ್ಕೆ ಸುಮಾರು 3 ಜನರಿಗೆ ದೊಡ್ಡ ತೊಂದರೆ ಆಗಿತ್ತು, ಉದಾಹರಣೆಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮಂಡಿಯೊಳಗೆ ಸೋಂಕು. ಸಾವಿರಕ್ಕೆ 3 ಬಹಳ ಕಡಿಮೆ. ದೊಡ್ಡ ಲಾಭ ಬರುವಂತಿದ್ದರೆ ನಾನು ಎರಡನೇ ಸಲ ಯೋಚಿಸುತ್ತಿರಲಿಲ್ಲ. ಲಾಭವೇ ಗೊತ್ತಾಗದಷ್ಟು ಸಣ್ಣದಾದಾಗ ಈ 3 ಕೂಡ ದೊಡ್ಡದಾಗಿ ಕಂಡಿತು.

ತಜ್ಞರ ಸಲಹೆಗಳೂ ಒಂದೇ ಥರ ಇರಲಿಲ್ಲ. ರೋಗಿಗಳೂ ಸೇರಿದ್ದ ಒಂದು ಅಂತರರಾಷ್ಟ್ರೀಯ ಸಮಿತಿ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯುತ್ತಾ, ಸವೆತದಿಂದ ಬಂದ ಮಂಡಿ ತೊಂದರೆಗೆ ಬಹುತೇಕ ಯಾರಿಗೂ ಆರ್ತ್ರೋಸ್ಕೋಪಿ ಬೇಡ ಎಂದು ಬಲವಾಗಿ ಹೇಳಿತು. ಯುರೋಪಿನ ಮಂಡಿ ಸರ್ಜನ್‌ಗಳ ಸಂಘ 2016ರಲ್ಲಿ, ಅದು ಮೊದಲ ಚಿಕಿತ್ಸೆ ಆಗಬಾರದು, ಆದರೆ ಮೂರು ತಿಂಗಳು ಬೇರೆ ಚಿಕಿತ್ಸೆ ಮಾಡಿಯೂ ನೋವು ಹೋಗದಿದ್ದರೆ ಯೋಚಿಸಬಹುದು ಎಂದಿತು. ಎರಡೂ ಕಡೆಯವರು ಓದಿದ ಅಧ್ಯಯನಗಳು ಹೆಚ್ಚುಕಡಿಮೆ ಅವೇ. ತೂಗಿದ ರೀತಿ ಬೇರೆ. ಇದು ನನಗೆ ಗೊಂದಲಕ್ಕಿಂತ ಸಮಾಧಾನವನ್ನೇ ಕೊಟ್ಟಿತು, ಯಾಕೆಂದರೆ ಮೊದಲ ಹೆಜ್ಜೆ ವ್ಯಾಯಾಮ ಎಂಬಲ್ಲಿ ಇಬ್ಬರಿಗೂ ಜಗಳವಿರಲಿಲ್ಲ.

ಎಲ್ಲ ಸೇರಿಸಿ ಒಂದು ಪುಟ ಬರೆದುಕೊಂಡು ಡಾಕ್ಟರ ಬಳಿ ಹೋದೆ. "ಡಾಕ್ಟ್ರೇ, ಇಷ್ಟು ಓದಿದ್ದೀನಿ. ಇದು ನನ್ನ ಮಂಡಿಗೆ ಹೊಂದುತ್ತಾ, ನೀವೇ ಹೇಳಬೇಕು" ಎಂದೆ. ಸವಾಲು ಹಾಕುವಂತೆ ಕೇಳಲಿಲ್ಲ, ಆ ಪ್ರಶ್ನೆಗೆ ಉತ್ತರ ನಿಜಕ್ಕೂ ನನ್ನ ಬಳಿ ಇರಲಿಲ್ಲ. ಅವರು ಪುಟವನ್ನು ಪೂರ್ತಿ ಓದಿದರು. ಆಮೇಲೆ ಎಂಆರ್‌ಐ ಚಿತ್ರಗಳನ್ನು ಮತ್ತೆ ತೆರೆದರು. "ಮೆನಿಸ್ಕಸ್ ಬುಡದಲ್ಲಿ ಮೂಳೆಯಿಂದಲೇ ಕಿತ್ತುಬಂದಿದ್ದರೆ ಲೆಕ್ಕ ಬೇರೆ, ಅದನ್ನ ಹೊಲಿಯೋದರ ಬಗ್ಗೆ ಯೋಚಿಸಬೇಕಾಗುತ್ತೆ. ನಿಮ್ಮದು ಹಾಗಿಲ್ಲ" ಎಂದರು. ಕಾಲು ಪೂರ್ತಿ ನೀಡಿಸಿ, ಮಡಿಸಿ ನೋಡಿದರು. ಮಂಡಿ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಮಂಡಿ ಲಾಕ್ ಆಗುವವರನ್ನು ಈ ಪ್ರಯೋಗಗಳಿಂದ ಹೊರಗಿಟ್ಟಿದ್ದರು, ಹಾಗಾಗಿ ಅಂಥವರಿಗೆ ಈ ಅಂಕಿ ಅನ್ವಯಿಸುವುದಿಲ್ಲ ಎಂದು ವಿವರಿಸಿದರು. ಬುಡದಿಂದ ಕಿತ್ತುಬರುವ ವಿಷಯ ನನ್ನ ಓದಿನಲ್ಲಿ ಎಲ್ಲೂ ಬಂದಿರಲಿಲ್ಲ.

ಕೆನಡಾದ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಅವರ ಜೊತೆಗಾರರು 1996ರಲ್ಲೇ ಇದನ್ನು ಬರೆದಿದ್ದರು: ಅಧ್ಯಯನದ ಪುರಾವೆ ಮತ್ತು ವೈದ್ಯರ ಕೈಪಳಗಿದ ಅನುಭವ ಎರಡೂ ಸೇರಬೇಕು, ರೋಗಿಯ ಇಷ್ಟಕಷ್ಟಕ್ಕೆ ಅದರಲ್ಲಿ ಜಾಗ ಇರಬೇಕು. ಆ ದಿನ ಆ ಕೋಣೆಯಲ್ಲಿ ಮೂರೂ ಇದ್ದವು. ನನ್ನ ಇಷ್ಟವನ್ನು ಡಾಕ್ಟರೇ ಕೇಳಿದರು: "ಬೇಗ ಮುಗೀಬೇಕು ಅನ್ನೋದು ಮುಖ್ಯನಾ, ಕತ್ತರಿ ತಪ್ಪಿಸೋದು ಮುಖ್ಯನಾ?" ನಿಧಾನ ಆದರೂ ಪರವಾಗಿಲ್ಲ ಎಂದೆ. ಹೊತ್ತಿನ ದುಡಿಮೆಗೆ ಕಾಲನ್ನೇ ನಂಬಿದ ಬೇರೊಬ್ಬರು ಬೇರೆ ಉತ್ತರ ಹೇಳಬಹುದಿತ್ತು, ಅದನ್ನು ಯಾರೂ ತಪ್ಪು ಎನ್ನಲಾಗದು.

ವ್ಯಾಯಾಮ ಮೂರು ತಿಂಗಳು ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಏನನ್ನು ಅಳೆಯುವುದು ಎಂಬುದನ್ನೂ ಮೊದಲೇ ಬರೆದಿಟ್ಟೆವು: ಮೆಟ್ಟಿಲು, ಬಗ್ಗಿ ಏಳುವುದು, ನಿದ್ದೆ. ಆಮೇಲೆ ಮನಸ್ಸಿಗೆ ತೋಚಿದಂತೆ ಅಳತೆ ಬದಲಿಸಬಾರದಲ್ಲ. ಶುರುವಿನ ವಾರಗಳಲ್ಲಿ ನೋವು ಜಾಸ್ತಿಯೇ ಆಯಿತು. ಫಿಸಿಯೋ ಹೇಳಿದ್ದು ಒಂದೇ ನಿಯಮ. ವ್ಯಾಯಾಮದಿಂದ ಬಂದ ನೋವು ಮರುದಿನಕ್ಕೆ ಇಳಿದರೆ ಮುಂದುವರಿಸಿ, ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ಗೋಡೆಗೆ ಒರಗಿ ಅರ್ಧ ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು, ತೊಡೆಗೆ ಬಲ ಕೊಡುವ ನಾಲ್ಕಾರು ಬಗೆ. ಬೇಸರದ ಕೆಲಸ, ಸುಳ್ಳು ಯಾಕೆ ಹೇಳಲಿ. ಮೊದಲು ಸುಧಾರಿಸಿದ್ದು ನಿದ್ದೆ. ಮೆಟ್ಟಿಲು ನಿಧಾನಕ್ಕೆ. ಬಗ್ಗಿ ಏಳುವಾಗ ಈಗಲೂ ಸ್ವಲ್ಪ ಹಿಡಿಯುತ್ತದೆ. ಗಡುವು ಮುಗಿದಾಗ ಹಳೆಯ ಪುಟ ತೆಗೆದು ಇಬ್ಬರೂ ನೋಡಿದೆವು, ಸರ್ಜರಿಯ ಮಾತು ಬಿಟ್ಟೆವು. ವ್ಯಾಯಾಮದಿಂದಲೇ ಗುಣವಾಯಿತು ಎಂದು ನಾನು ಯಾರಿಗೂ ಹೇಳುವುದಿಲ್ಲ. ಏನೂ ಮಾಡದಿದ್ದರೂ ಕಡಿಮೆಯಾಗುತ್ತಿತ್ತೋ ಏನೋ, ನನ್ನ ಒಂದು ಮಂಡಿಯಿಂದ ಅದನ್ನು ತಿಳಿಯಲು ಆಗುವುದಿಲ್ಲ.

ಇತ್ತೀಚೆಗೆ ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬ ನನ್ನ ಆ ಪುಟ ಕೇಳಿದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಆಡುವಾಗ ಮಂಡಿ ತಿರುಚಿಕೊಂಡಿದ್ದ. ಅವನಿಗೂ ಮೆನಿಸ್ಕಸ್ಸೇ. ನನ್ನ ಪುಟದ ಮೊದಲ ಸಾಲನ್ನೇ ತೋರಿಸಿದೆ: ನಡುವಯಸ್ಸು ದಾಟಿದ, ಪೆಟ್ಟು ಬೀಳದವರಿಗೆ. ಅವನು ಎರಡೂ ಅಲ್ಲ. ಅವನ ವಯಸ್ಸಿನವರ ಮೇಲೂ ಪ್ರಯೋಗ ನಡೆದಿದೆ. ಡೆನ್ಮಾರ್ಕಿನಲ್ಲಿ 18ರಿಂದ 40 ವಯಸ್ಸಿನ 121 ಜನರನ್ನು ನೋಡಿ 2022ರಲ್ಲಿ ಬರೆದಿದ್ದಾರೆ. ತಕ್ಷಣ ಸರ್ಜರಿ ಮಾಡಿದ್ದಕ್ಕೂ, ಮೊದಲು ವ್ಯಾಯಾಮ ಮಾಡಿ ಬೇಕಿದ್ದರೆ ಆಮೇಲೆ ಸರ್ಜರಿ ಎಂದದ್ದಕ್ಕೂ ಅಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ವಯಸ್ಸಿನವರ ಮೇಲಿನ ಅಧ್ಯಯನಗಳು ಕಡಿಮೆ, ಅಷ್ಟು ಗಟ್ಟಿಯಾಗಿ ಏನೂ ಹೇಳಲು ಬರುವುದಿಲ್ಲ. ಅದನ್ನು ಹೇಳುತ್ತಾ "ಕಾಲು ಪೂರ್ತಿ ನೀಡೋಕೆ ಆಗುತ್ತಾ?" ಎಂದು ಕೇಳಿದೆ. "ಇಲ್ಲ ಮೇಡಂ, ಒಂದು ಕಡೆ ಬಂದು ನಿಂತುಬಿಡುತ್ತೆ" ಎಂದ. ಪುಟವನ್ನು ಮಡಿಸಿ ಇಟ್ಟುಬಿಟ್ಟೆ. ಓದೋದು ಆಮೇಲೆ, ನಾಳೆ ಬೆಳಿಗ್ಗೆ ಮೊದಲು ಮೂಳೆ ಡಾಕ್ಟರಿಗೆ ತೋರಿಸು ಎಂದೆ.